ನಾನು ತೊಳೆದ ಮೊಬೈಲು

ನನ್ನ ಮಗಳು ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹುಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ತಿಂಗಳು ತುಂಬುವ ಮೊದಲೇ. ಕೈ ತೊಳೆಯದೆ ಯಾರೂ ಮುಟ್ಟಬಾರದು, ನಂಜಾದೀತು ಎಂದು ಡಾಕ್ಟರು ಒಂದು ಸಲ ಹೇಳಿದರು. ನನಗೆ ಒಂದು ಸಲ ಸಾಕು. ಸೋಪು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟೆ. ನಮ್ಮಪ್ಪನಿಗಂತೂ ಮೂರು ಸಲ ತೊಳೆಸಿದೆ.

"ಲೇ, ಮಗ್ಗದ ಎಣ್ಣೆ ಹೋಯ್ತು, ಇನ್ನು ಚರ್ಮಾನೂ ಹೋಗ್ತದೆ ಕಣೋ" ಅಂದರು.

ಅತ್ತ ದೇವನಹಳ್ಳಿಯಲ್ಲಿ ನಮ್ಮತ್ತೆ ಕಾಲು ಮುರಿದುಕೊಂಡು ಮಲಗಿದ್ದರು. ಮೊದಲ ಮೊಮ್ಮಗು. ಚೆನ್ನಾಗಿದೆ ಎಂದು ಎಷ್ಟು ಹೇಳಿ ಕಳಿಸಿದರೂ ನಾವೇನೋ ಮುಚ್ಚಿಡುತ್ತಿದ್ದೇವೆ ಎಂಬ ಗುಮಾನಿ ಅವರಿಗೆ. "ಅದ್ರ ಅಳು ನನ್ ಕಿವೀಗ್ ಬೀಳ್ಲಿ, ಆಮೇಲ್ ಊಟ" ಎಂದು ಹಟ ಹಿಡಿದು, ಪಕ್ಕದ ಮನೆಯ ಫೋನಿನ ಹತ್ತಿರ ಮಂಚ ಹಾಕಿಸಿಕೊಂಡು ಕಾಯುತ್ತಿದ್ದರು.

ಸೀರೆ ವ್ಯಾಪಾರದ ನನ್ನ ಭಾಮೈದ ಹೊಸ ಮೊಬೈಲು ತಂದ. ಇಟ್ಟಿಗೆಯಷ್ಟು ಭಾರ. ಇಡೀ ವಾರ್ಡು ಅದನ್ನು ಕಿವಿಗಿಟ್ಟು ನೋಡಿತು, ಕೆಮ್ಮುತ್ತಿದ್ದ ಪಕ್ಕದ ಹಾಸಿಗೆಯ ಅಜ್ಜಿಯೂ ಬಿಡಲಿಲ್ಲ. ಕೊನೆಗೆ ಅಪ್ಪನ ಕೈಗೆ ಬಂತು. ಮಗ್ಗದಲ್ಲಿ ಎಳೆ ಕಡಿದರೆ ನೇಕಾರ ಬೆರಳನ್ನು ನಾಲಿಗೆಗೆ ತಾಕಿಸಿ, ಎರಡು ತುದಿ ಹೊಸೆದು ಕೂಡಿಸುತ್ತಾನೆ. ನಲವತ್ತು ವರ್ಷದ ಆ ಅಭ್ಯಾಸದಲ್ಲಿ, ಭಾಮೈದ ಹೇಳುತ್ತಿದ್ದ ಒಂದೊಂದು ನಂಬರಿಗೂ ಅಪ್ಪ ಬೆರಳು ನೆಕ್ಕಿ ಒತ್ತಿದರು. ಒತ್ತಿ, ನೇರ ಮಗುವಿನ ಬಾಯಿಗೆ ಹಿಡಿಯಲು ಹೊರಟರು.

ಕಸಿದುಕೊಂಡೆ. ನಲ್ಲಿಗೆ ಓಡಿದೆ. ಸೋಪು ಹಚ್ಚಿ ತಿಕ್ಕಿ ತೊಳೆದೆ. ಫಳಫಳ ಹೊಳೆಯಿತು, ಜೀವ ಇರಲಿಲ್ಲ ಅಷ್ಟೆ.

ಅದರಿಂದ ಇಳಿಯುತ್ತಿದ್ದ ನೊರೆ ನೋಡಿ ಭಾಮೈದ, "ಏನ್ ಭಾವ, ಸೀರೆ ಅನ್ಕೊಂಡ್ರಾ? ಬಣ್ಣ ಬಿಡ್ತಾ ನೋಡಿ!" ಅಂದ.

ಹೆಂಡತಿ ಬೈಯಲಿಲ್ಲ. "ಅಮ್ಮ ಊಟ ಮಾಡ್ದೆ ಕಾಯ್ತಿರ್ತಾಳೆ" ಎಂದಳು. ಬೈದಿದ್ದರೆ ವಾಸಿಯಿತ್ತು.

ನರ್ಸಮ್ಮನೇ ನನ್ನನ್ನು ಕಾಪಾಡಿದರು. ವಾರ್ಡಿನ ಹೊರಗೆ ತಮ್ಮ ಮೇಜಿನ ಮೇಲಿದ್ದ ಕಪ್ಪು ಫೋನಿನ ರಿಸೀವರನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತಾ, "ಒರೆಸಿದ್ರೆ ಸಾಕು ಕಣ್ರೀ, ಸ್ನಾನ ಮಾಡಿಸ್ಬೇಕಾಗಿಲ್ಲ" ಎಂದು, ನಂಬರು ಸಿಕ್ಕಿದ ಮೇಲೆ ವೈರನ್ನು ಬಾಗಿಲವರೆಗೆ ಎಳೆದುಕೊಟ್ಟರು. ಹೆಂಡತಿ ಮಗುವನ್ನು ಸುತ್ತಿಕೊಂಡು ಬಂದಳು. ಮಗಳು ಕಣ್ಣು ಮುಚ್ಚಿ ಸುಮ್ಮನಿದ್ದಳು. ಆ ಕಡೆಯಿಂದ ಅತ್ತೆಯ ಉಸಿರು ಮಾತ್ರ ಕೇಳುತ್ತಿತ್ತು. ನಾನು ರಿಸೀವರನ್ನು ಇನ್ನಷ್ಟು ಹತ್ತಿರ ಹಿಡಿದೆ. ತಣ್ಣಗಿದ್ದ ಅದು ಕೆನ್ನೆಗೆ ತಾಕಿದ್ದೇ ತಡ, ಮಗಳು ಕಿಟಾರನೆ ಕಿರುಚಿದಳು.

"ಸಾಕು, ಸಾಕು! ಯಾರದು ನನ್ ಕೂಸನ್ನ ಅಳಿಸ್ತಿರೋದು?" ಅತ್ತೆ ಅಳುತ್ತಲೇ ಗದರಿದರು.

"ನಾನೇ ಅತ್ತೆ."

"ಅಂದ್ಕೊಂಡೆ. ಇಡಿ ಫೋನು, ಊಟ ಮಾಡ್ತೀನಿ."

ಹಗುರಾಗಿ ಮಂಚದ ಹತ್ತಿರ ಬಂದು, ಮಗುವಿನ ತೂಕ ಇನ್ನೊಂದು ಸಲ ನೋಡೋಣವೆಂದು ಆಸ್ಪತ್ರೆಯ ಪುಸ್ತಕ ತೆಗೆದೆ. ಅಪ್ಪ ನಗತೊಡಗಿದರು. ಹಾಳೆ ತಿರುವಲು ನನ್ನ ಬೆರಳು ಆಗಲೇ ನಾಲಿಗೆಯ ಮೇಲಿತ್ತು. ಸೋಪನ್ನು ಅವರೇ ಎತ್ತಿ ಕೈಗೆ ಕೊಟ್ಟರು.