ಹಗೇವಿನಿಂದ ಹೊರಬಂದ ಹುಡುಗಿ

ನಾನು ಮೂರನೇ ಇಯತ್ತೆ ದಾಟಿದವಳಲ್ಲ. ಆದರೂ ಬರೆಯುತ್ತಿದ್ದೇನೆ, ಬರೆಯದಿದ್ದರೆ ಈ ಸಂತೋಷಕ್ಕೆ ಹೊಟ್ಟೆ ಒಡೆದೀತು.

ಘಾಟ್ಕೋಪರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಆಫೀಸು ಮುಗಿಸಿ ಉಳಿದ ಹೊತ್ತಿನಲ್ಲಿ ಚಿತ್ರ ಬರೆಯುತ್ತಾಳೆ. ಚೌಕ ಚೌಕದಲ್ಲಿ ಒಂದು ಸಾಹಸದ ಕಥೆ. ರವಿವಾರಕ್ಕೊಂದು ಪುಟ ಇಂಟರ್‌ನೆಟ್ಟಿಗೆ ಹಾಕುತ್ತಾಳೆ. ಯಾರೂ ಹೇಳಿದ್ದಲ್ಲ, ಅವಳ ಖುಷಿ.

ಕಥೆಯ ಹುಡುಗಿ ಕಳ್ಳರಿಂದ ತಪ್ಪಿಸಿಕೊಂಡು ಹಗೇವಿಗೆ ಇಳಿದಿದ್ದಳು. ಹಗೇವು ಎಂದರೆ ನಮ್ಮ ವಿಜಾಪುರದ ಕಡೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಾನೇ ಮೊಮ್ಮಗಳಿಗೆ ಹೇಳಿದ್ದೆ. ಕಳ್ಳರು ಬಾಯಿಗೆ ಕಲ್ಲು ಮುಚ್ಚಿದರು. ಹುಡುಗಿ ದೀಪ ಹಚ್ಚಿಕೊಂಡು ಕೂತಳು. ಮೂರು ಪುಟ ಕಳೆದರೂ ದೀಪ ಝಗಝಗ ಉರಿಯುತ್ತಲೇ ಇತ್ತು.

ಓದುಗನೊಬ್ಬ ಕೆಳಗೆ ಬರೆದ: ಮುಚ್ಚಿದ ಗುಂಡಿಯಲ್ಲಿ ಇಷ್ಟು ಹೊತ್ತು ದೀಪ ಉರಿಯುತ್ತದೆಯೇ, ಶಾಲೆಗೆ ಹೋಗಿಲ್ಲವೇ? ಉಳಿದವರೂ ನಕ್ಕರು. ನನ್ನ ಕೂಸು ಮಂಕಾಯಿತು. ಎರಡು ರವಿವಾರ ಏನೂ ಹಾಕಲಿಲ್ಲ. ಮೂರನೆಯ ರವಿವಾರ ಬೆಳಿಗ್ಗೆ ಚಹಾ ಮುಂದಿಟ್ಟುಕೊಂಡು, "ಅಜ್ಜಿ, ಸಬ್ ಡಿಲೀಟ್ ಮಾಡ್ತೀನಿ. ನನಗೆ ಬರಲ್ಲ ಇದು" ಅಂದಳು.

ಎರಡು ವರ್ಷದ ಕೆಲಸ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬರೆದ ಚಿತ್ರಗಳು!

"ತಡೀಬೇ. ಮದಲ ನನಗ ತೋರಸು."

ಕನ್ನಡಕ ಹಾಕಿ ನೋಡಿದೆ. ಊರಿನ ಹಗೇವು ನೆನಪಾಯಿತು. ನಮ್ಮಪ್ಪ ಹಗೇವು ತೆರೆದಾಗ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ಅದು ಆರಿತೋ, ಆ ದಿನ ಯಾರೂ ಇಳಿಯುವಂತಿಲ್ಲ. ಒಳಗೆ ಒಳ್ಳೆಯ ಗಾಳಿಯಿಲ್ಲ, ಇಳಿದವನು ತಿರುಗಿ ಬರುವುದಿಲ್ಲ.

"ದೀಪ ಉರಿಯಾಕತ್ತೈತಿ ಅಂದ್ರ ಗಾಳಿ ಬರಾಕತ್ತೈತಿ. ಗಾಳಿ ಬರಾಕತ್ತೈತಿ ಅಂದ್ರ ಎಲ್ಲೋ ಒಂದು ಕಿಂಡಿ ಐತಿ. ದೀಪದ ಕುಡಿ ಒಂದು ಕಡೆ ವಾಲಿದ್ರ, ಗಾಳಿ ಅದರ ಉಲ್ಟಾ ಕಡಿಂದ ಬರತೈತಿ, ಆ ಕಡಿ ಗ್ವಾಡಿ ಅಗಿ ಅನ್ನು ಆಕೀಗೆ."

ಅವಳು ನನ್ನನ್ನೇ ನೋಡಿದಳು. "ಮತ್ಲಬ್, ಇದು ಗಲ್ತಿ ಅಲ್ಲ? ಇದೇ ಕ್ಲೂ?"

"ನನಗ ಕ್ಲೂ ಗೀಲೂ ಗೊತ್ತಿಲ್ಲವಾ. ಆ ಹುಡುಗೀನ ಹೊರಗ ತಗಿ. ಎಷ್ಟು ವಾರ ಆತು, ಉಂಡಿಲ್ಲ ತಿಂದಿಲ್ಲ."

ಬಿದ್ದು ಬಿದ್ದು ನಕ್ಕಳು. ಆಮೇಲೆ ಚಹಾ ಆರಿದ್ದೂ ತಿಳಿಯದ ಹಾಗೆ ಬರೆದಳು. ಕುಡಿ ವಾಲಿತು, ಹುಡುಗಿ ಗೋಡೆಯ ಕಲ್ಲು ಸಡಿಲಿಸಿದಳು, ಕಿಂಡಿಯಲ್ಲಿ ತೆವಳಿ ತೆವಳಿ ಜೋಳದ ಹೊಲದಲ್ಲಿ ಎದ್ದಳು.

"ತೆನಿ ಯಾಕ ಜೋತು ಬಿದ್ದಾವು? ಜ್ವಾಳದ ತೆನಿ ತಲಿ ಎತ್ತಿ ನಿಂದರತಾವು," ಎಂದೆ. ಗೊಣಗುತ್ತಾ ತಿದ್ದಿದಳು. ಸಂಜೆಗೆ ಪುಟ ಹಾಕಿಯೇಬಿಟ್ಟಳು. ಡಿಲೀಟಿನ ಮಾತು ಮತ್ತೆ ಎತ್ತಲಿಲ್ಲ.

ನಾನು ಡಬ್ಬಿಯಿಂದ ಸಕ್ಕರೆ ತೆಗೆದುಕೊಂಡು ನಮ್ಮ ಮಾಳಿಗೆಯ ಎಲ್ಲ ಮನೆಗಳಿಗೂ ಹಂಚಿದೆ. "ನಮ್ಮ ಹುಡುಗಿ ಹೊರಗೆ ಬಂದಳು" ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಪಕ್ಕದ ಮನೆಯ ಮರಾಠಿ ಹೆಂಗಸು ಗಾಬರಿಯಾಗಿ, ಯಾವ ಆಸ್ಪತ್ರೆಯಿಂದ ಎಂದು ಕೇಳಿದಳು. ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆಲ್ಲಿ! ಅವಳ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಹಾಕಿದೆ.