ಅರ್ಥಿಂಗ್ ಇಲ್ಲದ ಆಂಪ್

ಕೊಲ್ಲಾಪುರದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳ ಟೇಪಿನಲ್ಲಿ ಹಳೆಯ ರಾಕ್ ತಂಡವೊಂದರ ಗಿಟಾರ್ ಕೇಳಿದ್ದೆ. ಅತ್ತು ಅತ್ತು ಒಡೆದ ಗಂಟಲಿನಂಥ ದನಿ. ಒಡೆದರೂ ಬೆಚ್ಚಗಿತ್ತು, ಬಹಳ ಹೊತ್ತು ನಿಲ್ಲುತ್ತಿತ್ತು. ನಾನು ಗಿಟಾರ್ ಕಲಿತದ್ದೇ ಅದಕ್ಕಾಗಿ. ನಿಪ್ಪಾಣಿಗೆ ಮರಳಿ ಶಾಲೆಯಲ್ಲಿ ಗಣಿತ ಕಲಿಸತೊಡಗಿದ ಮೇಲೂ ಆ ಹುಚ್ಚು ಬಿಡಲಿಲ್ಲ. ದನಿ ಒಡೆಸುವ ಡಿಸ್ಟಾರ್ಷನ್ ಪೆಡಲ್, ಮಾರ್ದನಿ ಕೊಡುವ ಎಕೋ ಪೆಡಲ್ ಎಲ್ಲ ತರಿಸಿದೆ. ಗಿಟಾರಿನ ಸದ್ದು ಹೆಚ್ಚಿಸುವ ನನ್ನ ಚಿಕ್ಕ ಆಂಪಿನಿಂದ ಬರುತ್ತಿದ್ದದ್ದು ಮಾತ್ರ ಡಬ್ಬಿಯೊಳಗೆ ಕಣಜದ ಹುಳ ಸಿಕ್ಕಿಬಿದ್ದಂಥ ಸದ್ದು.

ಕಳೆದ ವರ್ಷ ಮಿರಜದಲ್ಲಿ, ಆರ್ಕೆಸ್ಟ್ರಾ ಬಿಟ್ಟ ಹಿರಿಯರೊಬ್ಬರ ಹತ್ತಿರ ಹಳೆಯ ವಾಲ್ವ್ ಆಂಪ್ ಸಿಕ್ಕಿತು. ಮೊದಲಿನ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಅದರೊಳಗಿದ್ದವು. ಮನೆಯ ಹಿಂದೆ ತಂಬಾಕು ತುಂಬಿಡುತ್ತಿದ್ದ ವಖಾರ ಖಾಲಿ ಬಿದ್ದಿತ್ತು, ಅಲ್ಲಿಟ್ಟೆ.

ಒಂದು ರವಿವಾರ ಮಧ್ಯಾಹ್ನ ವಾಲ್ವುಗಳು ಕೆಂಪಗಾಗುವವರೆಗೆ ಕಾದು, ಪೆಡಲಿನ ಗೇನ್ ಇಳಿಸಿ, ಆಂಪಿನ ವಾಲ್ಯೂಮನ್ನೇ ಏರಿಸುತ್ತ ಹೋದೆ. ಎಕೋ ಇದ್ದೂ ಇಲ್ಲದಷ್ಟು ಇಟ್ಟೆ. ತಂತಿ ಮೀಟಿದೆ. ಅದೇ ದನಿ. ಬೆರಳಲ್ಲಿ ಜುಮ್ಮೆಂದಿತು, ಸಂತೋಷಕ್ಕೆ ಹಾಗಾಯಿತೆಂದುಕೊಂಡೆ.

ರಾಯಬಾಗಕ್ಕೆ ಕೊಟ್ಟಿದ್ದ ತಂಗಿ ಆ ವಾರ ತವರಿಗೆ ಬಂದಿದ್ದಳು. ಬಸದಿಯ ಭಜನೆಗೆಂದು ತಂದಿದ್ದ ಸ್ಪೀಕರ್, ಮೈಕು ಹಿಡಿದುಕೊಂಡು ವಖಾರದೊಳಗೆ ಬಂದಳು.

"ಅಕ್ಕಾ, ಇಷ್ಟ ವರ್ಷ ನೀ ಹುಡುಕಿದ್ದು ಇದನಾ?"

"ಹೂಂ, ಇದ."

"ಚಲೋ ಐತಿ. ನೀ ಬಾರಸು, ನಾ ಹಾಡ್ತೀನಿ."

ಸ್ಪೀಕರ್ ಹಚ್ಚಿ ಒಂದು ಕೈಯಲ್ಲಿ ಮೈಕು ಹಿಡಿದಳು. "ತಂತಿ ಹೆಂಗ ನಡುಗಾಕತ್ತಾವ ನೋಡು" ಎನ್ನುತ್ತ ಇನ್ನೊಂದು ಕೈ ಚಾಚಿ ಗಿಟಾರಿನ ತಂತಿ ಮುಟ್ಟಿದಳು.

ಅವಳ ಬೆರಳುಗಳು ಮುಚ್ಚಿಕೊಂಡವು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಮೊದಲು ಚೇಷ್ಟೆ ಮಾಡುತ್ತಿದ್ದಾಳೆಂದೇ ಅನಿಸಿತು. ಆಮೇಲೆ ಅವಳ ಕಣ್ಣು ನೋಡಿದೆ. ಗಿಟಾರ್ ನನ್ನ ಕೊರಳಲ್ಲಿ, ತಂತಿ ಅವಳ ಮುಷ್ಟಿಯಲ್ಲಿ. ಅವಳನ್ನು ಹಿಡಿದೆಳೆಯುವಂತಿರಲಿಲ್ಲ. ನನ್ನ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು. ಗೋಡೆಯಿಂದ ಬಂದ ಆಂಪಿನ ವೈರನ್ನು ಕಾಲಿಗೆ ಸಿಕ್ಕಿಸಿ ಜೋರಾಗಿ ಒದ್ದೆ. ಪ್ಲಗ್ ಕಿತ್ತುಕೊಂಡಿತು. ಅವಳು ಕುಸಿದು ಕೂತಳು. ಕರೆಂಟು ಹೋದರೂ ಆಂಪ್ ಕೂಡಲೇ ಸುಮ್ಮನಾಗಲಿಲ್ಲ. ಅವಳ ಮುಷ್ಟಿಯಿಂದ ಹುಟ್ಟಿದ ಗೊರಗೊರ ಸದ್ದು ಸಾವಕಾಶ ಕರಗುತ್ತಲೇ ಇತ್ತು.

"ಅವ್ವಗ ಹೇಳಬ್ಯಾಡ" ಎಂದಳು. ಅದು ಅವಳ ಮೊದಲ ಮಾತು.

ರಿಕ್ಷಾದಲ್ಲಿ ದವಾಖಾನೆಗೆ ಕರೆದೊಯ್ದೆ. ಅಂಗೈಯಲ್ಲಿ ತಂತಿಯ ಗೆರೆಗಳು ಬೆಳ್ಳಗೆ ಸುಟ್ಟಿದ್ದವು. ಒಳಗೆ ಇಸಿಜಿ ತೆಗೆಯುವಾಗ ನಾನು ಬಾಗಿಲ ಹೊರಗೆ ನಿಂತು ಒಳಗಿನ ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ. ಡಾಕ್ಟರ್ ಬಂದು, "ಹಾರ್ಟ್ ಬರೋಬರ್ ಐತ್ರಿ. ಆದ್ರ ಇವತ್ತ ರಾತ್ರಿ ಇಲ್ಲೇ ಇರ್ಲಿ, ನೋಡೂಣು" ಎಂದರು. ಆ 'ನೋಡೂಣು' ನನ್ನನ್ನು ಬೆಳಗಿನವರೆಗೂ ತಿಂದಿತು.

ಮರುದಿನ ತಂಗಿಯನ್ನು ಮನೆಗೆ ಕಳಿಸಿದರು. ಆಂಪ್ ರಿಪೇರಿ ಮಾಡಿದವರು ತೋರಿಸಿದರು: ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರನ್ನು ಯಾರೋ ಎಂದೋ ಕತ್ತರಿಸಿದ್ದರು. ಒಳಗೊಂದು ಭಾಗ ಕೆಟ್ಟು ಕರೆಂಟು ಸೋರಿ ಗಿಟಾರಿನ ತಂತಿಗೇ ಇಳಿದಿತ್ತು. ಸ್ಪೀಕರಿನ ಮೂಲಕ ಮೈಕಿಗೆ ಅರ್ಥಿಂಗ್ ಇದ್ದುದರಿಂದ ಅವಳ ಮೈಮೂಲಕ ಹರಿದಿತ್ತು. ಹೊಸ ವೈರು ಹಾಕಿಸಿದೆ, ವಖಾರದ ಅರ್ಥಿಂಗನ್ನೂ ತಪಾಸಣೆ ಮಾಡಿಸಿದೆ.

ಆಂಪನ್ನು ಮಾರಿಬಿಡಬೇಕೆಂದಿದ್ದೆ. ತಂಗಿಯೇ ಒಪ್ಪಲಿಲ್ಲ. "ನಾ ಬದುಕೇನಿ ಅಂದಮ್ಯಾಗ ಅದರದೇನ ತಪ್ಪು?" ಎಂದಳು.

ಈಗಲೂ ಟೆಸ್ಟರ್ ಹಚ್ಚಿ ನೋಡದೆ ತಂತಿ ಮುಟ್ಟುವುದಿಲ್ಲ. ದನಿ ಅಷ್ಟೇ ಚೆನ್ನಾಗಿ ಬರುತ್ತದೆ. ಅವಳು ಬಂದಾಗ ಹಾಡುತ್ತಾಳೆ, ಹಾಡುತ್ತ ಹಾಡುತ್ತ ಹತ್ತಿರ ಬರುತ್ತಾಳೆ. ಒಂದು ಗಡಿ ದಾಟಿ ಬಂದಳೆಂದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ. ಅವಳು ಹಾಡು ನಿಲ್ಲಿಸದೆ, ಹಿಂದೆ ಸರಿದು ನಿಲ್ಲುತ್ತಾಳೆ.