‘ಇಲ್ಲೆ’ ಅಂದರೆ ಇಲ್ಲ

ಹಳೆಯ ಹೆಂಗಸರ ಹಾಡು ಉಳಿಸುವ ಹುಚ್ಚು ನಮಗೆ ಮೂವರಿಗೆ: ಸಾಗರದ ಒಬ್ಬ ಅಕ್ಕ, ಹೊಸನಗರದ ಒಬ್ಬ ಮೇಷ್ಟ್ರು, ತೀರ್ಥಹಳ್ಳಿಯ ನಾನು. ಮೂವರದೂ ಲಿನಕ್ಸ್ ಕಂಪ್ಯೂಟರೇ, ಆದರೆ ಒಂದರಲ್ಲಿರುವ ಪ್ರೋಗ್ರಾಂ ಇನ್ನೊಂದರಲ್ಲಿ ಇರುವುದಿಲ್ಲ. ಡಿಸ್ಕ್ ತುಂಬುತ್ತದೆಂದು ಕಮಾಂಡುಗಳನ್ನು ಸಾಲಾಗಿ ಓಡಿಸುವ ಶೆಲ್ ಸ್ಕ್ರಿಪ್ಟೊಂದನ್ನು ನಾನು ಬರೆದೆ. ರೆಕಾರ್ಡಿಂಗುಗಳನ್ನು ಕುಗ್ಗಿಸುವುದು, ಆಮೇಲೆ ದೊಡ್ಡ ಮೂಲ ಫೈಲುಗಳನ್ನು ಅಳಿಸುವುದು ಅದರ ಕೆಲಸ. ಕುಗ್ಗಿಸುವ ಪ್ರೋಗ್ರಾಂ ಇದೆಯೋ ಇಲ್ಲವೋ ಎಂದು ಮೊದಲೇ ನೋಡಲು which ಎಂಬ ಕಮಾಂಡ್ ಬಳಸಿದ್ದೆ.

ಹೊಸನಗರದಲ್ಲಿ ಅದು ಮುಗ್ಗರಿಸಿತು. ಪ್ರೋಗ್ರಾಂ ಇದ್ದರೂ ಇಲ್ಲವೆಂದಿತು. ನೋಡಿದರೆ ಆ ಕಂಪ್ಯೂಟರಿನಲ್ಲಿ which ಎಂಬುದೇ ಇರಲಿಲ್ಲ. ಹುಡುಕಲು ಕಳಿಸಿದವನೇ ನಾಪತ್ತೆ! ಸಿಟ್ಟಿನಲ್ಲಿ ಅದನ್ನು ಕಿತ್ತು command -v ಹಾಕಿದೆ. ಅದು ಶೆಲ್ಲಿನದೇ ಮಾತು, ಎಲ್ಲಿ ಹೋದರೂ ಇರುತ್ತದೆ. ಪ್ರೋಗ್ರಾಂ ಸಿಗದಿದ್ದರೆ ಅಲ್ಲೇ ನಿಲ್ಲು ಎಂದೂ ಬರೆದೆ. ಮನುಷ್ಯರನ್ನು ಒಂದು ಮಾತು ಕೇಳಿದರೆ ಮುಗಿಯುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಗೊಣಗಿದ್ದೂ ನಿಜ.

ಸಾಗರದ ಅಕ್ಕನ ಬಳಿ ಅವರ ಅಜ್ಜಿ ಹೇಳಿದ ಮದುವೆಯ ಹಸೆ ಹಾಡುಗಳಿದ್ದವು. ಅಜ್ಜಿ ತೀರಿಕೊಂಡ ಮೇಲೆ ಆ ದನಿ ಉಳಿದದ್ದು ಅದೊಂದೇ ಕಂಪ್ಯೂಟರಿನಲ್ಲಿ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ ಎಂದರೆ ನಾಳೆ ನಾಳೆ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಸ್ಕ್ರಿಪ್ಟ್ ಕಳಿಸಿ, ಫೋನ್ ಮಾಡಿ, ಕುಗ್ಗಿಸುವ ಪ್ರೋಗ್ರಾಂ ನಿಮ್ಮಲ್ಲಿ ಇದೆಯಾ ಎಂದು ಕೇಳಿದೆ. ನನ್ನ ಹತ್ತಿರ ಯಾವಾಗಲೂ ಪೇಟೆ ಕನ್ನಡ ಆಡುವವರು, ಅಂದು ಮನೆಯವರ ಜೊತೆ ಮಾತಾಡುತ್ತಲೇ ಫೋನೆತ್ತಿದ್ದರಿಂದ ಮನೆಮಾತಿನಲ್ಲೇ ಅಂದುಬಿಟ್ಟರು.

“ಇಲ್ಲೆ.”

ಅವರ ಮನೆಗಳಲ್ಲಿ ಹಾಗೆಂದರೆ ಇಲ್ಲ ಎಂದರ್ಥ; ಇದೆ ಎನ್ನಲು ‘ಇದ್ದು’ ಅನ್ನುತ್ತಾರೆ. ಒಕ್ಕಲು ಮನೆಯಲ್ಲಿ ಬೆಳೆದ ನನ್ನ ಕಿವಿಗೆ ಅದು ‘ಇಲ್ಲೇ ಇದೆ’ ಎಂದು ಕೇಳಿತು.

“ಹಂಗಾರೆ ಓಡ್ಸಿ ಅಕ್ಕ,” ಅಂದೆ.

ಓಡಿಸಿದರು. ಏನು ಬಂತು ಎಂದು ಕೇಳಿದರೆ, ಪ್ರೋಗ್ರಾಂ ಇಲ್ಲ ಅಂತ ತೋರಿಸಿ ನಿಂತಿದೆ, ಆಗಲೇ ಹೇಳಿದೆನಲ್ಲ ಎಂದರು. ‘ಇಲ್ಲೆ’ಯ ಅರ್ಥ ನನಗೆ ಹೊಳೆದದ್ದು ಆಗ. ನಿಲ್ಲು ಎಂದು ಬರೆದ ಆ ಒಂದು ಸಾಲು ಇರದಿದ್ದರೆ ಕುಗ್ಗಿಸುವ ಕೆಲಸ ಆಗುತ್ತಿರಲಿಲ್ಲ, ಅಳಿಸುವ ಕೆಲಸ ಮಾತ್ರ ಚೆನ್ನಾಗಿ ಆಗಿಬಿಡುತ್ತಿತ್ತು. ಮುಚ್ಚಿಡದೆ ಅವರಿಗೆ ಹೇಳಿದೆ.

ಅತ್ತಲಿಂದ ಮೌಸ್ ಒತ್ತಿದ ಸದ್ದು ಬಂತು, ಹಿಂದೆಯೇ ಅಜ್ಜಿಯ ನಡುಗುವ ದನಿಯಲ್ಲಿ ಹಸೆ ಹಾಡು. ಒಂದು ನುಡಿ ಮುಗಿಯುವವರೆಗೂ ಇಬ್ಬರೂ ಕೇಳಿದೆವು.

“ಇದ್ದು,” ಅಂದರು ಅಕ್ಕ, ಅಳುತ್ತಾ. “ಅಜ್ಜಿ ಇದ್ದು.”